ಬಂಡೆಯ ಮೇಲೆ ಹಾಸಿದ ಕಂಬಳಿ

ಕುರಿ ಸಾಕುವ ತಿಮ್ಮರಾಯಪ್ಪನ ಮೊಮ್ಮಗಳು ಭಾಗ್ಯಲಕ್ಷ್ಮಿ ಒಂದು ವಾರದಿಂದ ಊರಿನ ಒಂದು ಬಾಗಿಲನ್ನೂ ಬಿಡದೆ ಬಿಳಿ ಪಂಚೆ ಬೇಡಿದ್ದಳು. ಪಾಪಿರೆಡ್ಡಿಪಟ್ಟಿ ಕಡೆಯ ಅವಳ ತಮಿಳು ಹೈಸ್ಕೂಲಿಗೂ ಬೆಂಗಳೂರಿನ ಬಾಹ್ಯಾಕಾಶ ಸಂಸ್ಥೆಗೂ ಆ ವರ್ಷ ಒಪ್ಪಂದವಾಗಿತ್ತು. ಸುಬ್ಬರಾಯನ್ ಎಂಬ ವಿಜ್ಞಾನಿ ಆಗಾಗ ಬಂದು ಪಾಠ ಹೇಳುತ್ತಿದ್ದರು. ಕರಿಬಂಡೆಯ ಮೇಲೆ ಕಣದಷ್ಟು ಅಗಲಕ್ಕೆ ಬಿಳಿ ಬಟ್ಟೆ ಹಾಸಬೇಕು, ಮೇಲೆ ಹಾದುಹೋಗುವ ಉಪಗ್ರಹ ತೆಗೆದ ಚಿತ್ರದಲ್ಲಿ ಅದನ್ನು ಮಕ್ಕಳೇ ಹುಡುಕಬೇಕು ಎಂಬುದು ಅವರು ಕೊಟ್ಟ ಕೆಲಸ.

ಊರಾಚೆಯ ಬಂಡೆ ತೋರಿಸಿದವಳು ಭಾಗ್ಯಲಕ್ಷ್ಮಿ. ಬಟ್ಟೆಯ ಹೊಣೆಯೂ ಅವಳದೇ. 'ಆಟ್ಟುಕ್ಕಾರಿ', ಕುರಿಯವಳು, ಎಂದು ರೇಗಿಸುತ್ತಿದ್ದ ತರಗತಿಯಲ್ಲಿ ಅವಳ ಮಾತಿಗೆ ಬೆಲೆ ಬಂದದ್ದು ಅದೇ ಮೊದಲು. ಮನೆಯಲ್ಲಿ ಅವಳು ನಗುವುದನ್ನು ತಿಮ್ಮರಾಯಪ್ಪ ನೋಡಿದ್ದ.

ಉಪಗ್ರಹ ಹಾದುಹೋಗುವ ದಿನ ಬೆಳಿಗ್ಗೆ ಬಟ್ಟೆ ಹಾಸಿ, ಅಂಚಿಗೆ ಕಲ್ಲು ಹೇರಿ, ಮಕ್ಕಳು ಹುಣಸೆಮರದಡಿ ಪಾಠಕ್ಕೆ ಕೂತಾಗ ಊರ ಹಿರಿಯರು ಬಂಡೆ ಹತ್ತಿದರು.

"ಏನ್ಲಾ ಗೋಪಾಲಪ್ಪ, ಬರೀ ಬಿಳಿ ಬಟ್ಟೆ ಆಸವ್ರೆ! ಸತ್ತೋರ್ಗೆ ಆಸ್ದಂಗೆ!" ಎಂದ ತಿಮ್ಮರಾಯಪ್ಪ, ಜೊತೆಗಿದ್ದ ತಂಗಿಯ ಅಳಿಯನಿಗೆ.

"ಮೇಲಿಂದ ನೋಡ್ಕೊಂಡ್ ಓಗ್ತಾರಂತೆ ಮಾವ. ಇಳಿಯಾಕಿಲ್ವಂತೆ."

"ಇಳೀದಿದ್ರೇನು, ನಮ್ಮೂರ್ಗೆ ಬಂದೋರಲ್ವಾ? ಮರ್ಯಾದೆ ಬ್ಯಾಡ್ವಾ?"

ಹೆಗಲ ಕಂಬಳಿ ಕೊಡವಿ, ಚಪ್ಪಲಿ ಬಿಟ್ಟು, ನಡುಮಧ್ಯಕ್ಕೆ ಹೋಗಿ ಹಾಸಿದ. ಹಿರಿಯ ಹಾಸಿದ ಮೇಲೆ ಉಳಿದವರು ಸುಮ್ಮನಿರುವುದುಂಟೆ? ಒಬ್ಬರ ಪಕ್ಕಕ್ಕೆ ಒಬ್ಬರು ಹಾಸುತ್ತ ಬಿಳುಪೆಲ್ಲ ಕಪ್ಪಾಯಿತು.

ಮರದಡಿಯಿಂದ ಅದನ್ನು ಕಂಡ ಭಾಗ್ಯಲಕ್ಷ್ಮಿ ಓಡಿ ಬಂದಳು. ಹಿಂದೆಯೇ ತರಗತಿ, ಟೀಚರ್ ಮಾಲತಿ, ಸುಬ್ಬರಾಯನ್.

"ತಾತಾ! ತೆಗೀರಿ! ಇನ್ನೇನ್ ಬಂದ್ಬಿಡ್ತದೆ, ಬಿಳೀದು ಕಾಣ್ಬೇಕು!"

"ನಾನ್ ಅಪ್ಪವೇ ಸೊನ್ನೇನ್!" ಎಂದು ಹಿಂದಿನಿಂದ ತರಗತಿಯ ಒಬ್ಬಳು ಕೊಂಕು ನುಡಿದಳು. "ಆಟ್ಟುಕ್ಕಾರಿಯನ್ನ ನಂಬಿದ್ರೆ ಹಿಂಗೇ ಅಂತ ನಾನು ಆಗಲೇ ಹೇಳಿದ್ದೆ!"

ಭಾಗ್ಯಲಕ್ಷ್ಮಿ ಬಗ್ಗಿ ತಾತನ ಕಂಬಳಿಯ ತುದಿಗೆ ಕೈ ಹಾಕಿದಳು. ಹಿರಿಯರೆಲ್ಲ ಒಮ್ಮೆಗೇ "ಏಯ್!" ಎಂದರು. ಅವಳ ಕೈ ತಾನಾಗಿ ನಿಂತಿತು. ಅವಳಿಗೂ ಗೊತ್ತು. ಹಾಸಿದ ಕಂಬಳಿಯನ್ನು ಯಾರೂ ಕೂರದೆ ಮಡಿಸುವುದೆಂದರೆ, ಬಂದವರನ್ನು ಹೊಸಿಲಿನಿಂದಲೇ ತಳ್ಳಿದಂತೆ. ಅವರ ಕುಲದಲ್ಲಿ ಯಾರೂ ಮಾಡಿದ್ದಿಲ್ಲ. ಬಗ್ಗಿದವಳು ಬಗ್ಗಿದಂತೆಯೇ ತಲೆಯೆತ್ತಿ ತಾತನ ಮುಖ ನೋಡಿದಳು. ಕಣ್ಣು ತುಂಬಿತ್ತು.

ಸುಬ್ಬರಾಯನ್ ಗಡಿಯಾರ ನೋಡಿಕೊಂಡರು. ಬೈಯಲಿಲ್ಲ. "ಸ್ವಲ್ಪವೇ ಸಮಯ ಐಯಾ," ಎಂದರಷ್ಟೆ.

ತಿಮ್ಮರಾಯಪ್ಪ ಆತುರದ ಮನುಷ್ಯನಲ್ಲ. ಆ ಹೊತ್ತಿನಲ್ಲೂ ಗಡ್ಡ ಸವರಿಕೊಂಡು, ಮೊಮ್ಮಗಳನ್ನೂ ಅವಳ ಹಿಂದಿನ ಮಕ್ಕಳನ್ನೂ ನೋಡಿದ.

"ಮೇಲ್ನೋರ್ ಕಡೆಯೋರು ನೀವೇ ತಾನೆ?" ಎಂದ. "ಅವ್ರಿಗ್ ಪಾಠ ಒಪ್ಪಿಸೋರು?"

"ಊಂ, ನಾವೇ," ಎಂದಳು ಭಾಗ್ಯಲಕ್ಷ್ಮಿ.

"ಅಂಗಾದ್ರೆ ಕೂತ್ಕೊಳ್ರಮ್ಮಾ. ಎಲ್ರೂವೆ. ಒಂದೊಂದ್ ಕಂಬಳಿಗೆ ಒಬ್ಬೊಬ್ರು."

ಕೊಂಕು ನುಡಿದವಳು ಮೂಗು ಮುಚ್ಚಿಕೊಂಡು ನಿಂತಳು. ಮಾಲತಿ ಟೀಚರ್ "ಸೀಕ್ರಂ ಉಟ್ಕಾರ್, ಬೇಗ ಕೂರು!" ಎಂದು ಗದರಿದಾಗ ಕೂತಳು. ಗೋಪಾಲಪ್ಪ ಅವಳಿಗೂ ತಂಬಿಗೆ ನೀಡಿ, "ನೀರ್ ಕುಡೀಮ್ಮಾ, ದೊಡ್ಡೋರ್ ಕಡೆಯೋಳು," ಎಂದು ಕೈಮುಗಿದ. ಏನು ಮಾಡಬೇಕೆಂದು ತೋಚದೆ ಅವಳೂ ಕೈಮುಗಿದಳು. ಭಾಗ್ಯಲಕ್ಷ್ಮಿ ತಾತನ ಕಂಬಳಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ತಾತನೇ ಕೊಟ್ಟ ಎಲೆ ಅಡಿಕೆಯನ್ನು ಸೆರಗಿಗೆ ಹಾಕಿಕೊಂಡಳು.

"ಸಾಕು, ಏಳ್ರೀಗ," ಎಂದ ತಿಮ್ಮರಾಯಪ್ಪ. "ಬಂದ್ರು, ಕೂತ್ರು, ಒಂಟ್ರು. ಎತ್ರಲಾ ಕಂಬಳೀನ!"

ಹಿರಿಯರೂ ಮಕ್ಕಳೂ ಕಂಬಳಿ ಕಂಕುಳಿಗೆ ಸುತ್ತಿಕೊಂಡು ಬಂಡೆಯಿಂದ ಧಡಬಡ ಇಳಿದರು. ಮೇಲೆ ಬಿಸಿಲು ಬಿಟ್ಟರೆ ಏನೂ ಕಾಣಲಿಲ್ಲ, ಒಂದು ಸದ್ದೂ ಇಲ್ಲ. ಕೊನೆಗೆ ಸುಬ್ಬರಾಯನ್, "ಹಾದುಹೋಯಿತು," ಎಂದರು.

ಮುಂದಿನ ತಿಂಗಳು ಚಿತ್ರ ಬಂತು. ಭಾಗ್ಯಲಕ್ಷ್ಮಿ ಅದನ್ನು ಮನೆಗೆ ತಂದು ತಾತನ ಬೆರಳು ಹಿಡಿದು ಅಕ್ಕಿನುಚ್ಚಿನಷ್ಟು ಬಿಳುಪಿನ ಮೇಲಿಟ್ಟಳು.

"ನಮ್ ಕುರಿ ಎಲ್ಲಮ್ಮಿ?"

"ಕುರಿ ಕಾಣಾಕಿಲ್ಲ ತಾತ."

"ಕುರಿ ಕಾಣದ್ ಕಣ್ಣಿಗೆ ನನ್ ಕಂಬಳಿ ಕಾಣ್ತಿತ್ತಾ? ಅವತ್ತು ಸುಮ್ನೆ ಅತ್ಬಿಟ್ಟೆಯಲ್ಲ!"

"ಒಂದೇ ಕಂಬಳಿ ಆಗಿದ್ರೆ ಕಾಣ್ತಿರ್ಲಿಲ್ಲ. ನೀವು ಊರ್ ಕಂಬಳೀನೆಲ್ಲಾ ಆಸಿದ್ರಲ್ಲ!"

ತಿಮ್ಮರಾಯಪ್ಪ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಆಮೇಲೆ ಚಿತ್ರವನ್ನು ಬಿಸಿಲಿಗೆ ಹಿಡಿದು, "ಎಲ್ಲಿ, ಇನ್ನೊಂದ್ಸಲ ತೋರ್ಸು," ಎಂದ.