ಬ್ಯಾಂಕ್ ಬೀದಿಯಲ್ಲಿ ಮೂಗಯ್ಯ

ಮೂಗಯ್ಯನ ಚಟ್ಟ ಹೆಗಲಿಗೇರಿ ತಮಟೆ ಶುರುವಾಗುವಷ್ಟರಲ್ಲಿ ಅವನ ಹೆಂಡತಿ ಮಂಗಮ್ಮ ಓಡಿಬಂದು ಅಡ್ಡ ನಿಂತಳು.

"ಕೆರೆ ಏರಿ ಮೇಲೆ ಬ್ಯಾಡ. ಬ್ಯಾಂಕ್ ಬೀದೀಲೇ ಓಗ್ಬೇಕು."

ಸತ್ತವನ ಅಣ್ಣ ಸಿದ್ದಯ್ಯ ತೆರಕಣಾಂಬಿಯಿಂದ ಬಂದಿದ್ದ. ತಮ್ಮ ಬದುಕಿದ್ದಾಗ ಕಳೆದ ಮಾನವೇ ಏಳು ತಲೆಮಾರಿಗೆ ಸಾಕೆಂದು ಅವನ ಲೆಕ್ಕ.

"ಅಲ್ಲ ಕಣವ್ವ, ಯಾರ ಎಣ ಓದ್ರೂ ಅಂಗಡಿಯೋರು ಷಟರ್ ಅರ್ಧ ಇಳ್ಸಿ ಮರ್ಯಾದೆ ಕೊಡ್ತಾರೆ. ಕನ್ನ ಆಕ್ದೋನ್ಗೆ ಆ ಬ್ಯಾಂಕ್ನೋರು ಇಳ್ಸಾರಾ? ಬೀದಿ ಜನದ ಮುಂದೆ ನಗೆಪಾಟ್ಲು."

"ದಿನಾ ಓಯ್ತಿದ್ದ ದಾರಿ ಬಾವ ಅದು. ಇವತ್ತು ಕದ್ದು ಓಗ್ಬೇಕಾ?"

ಸಿದ್ದಯ್ಯ ಇನ್ನೂ ವಾದಿಸುತ್ತಿದ್ದನೇನೋ. ಆದರೆ ಮೂಗಯ್ಯನದು ಬಂಡೀಪುರದ ಆನೆಯೇ ದಾರಿ ಬಿಡುವಂಥ ಮೈ. ಹೊತ್ತವರು ನಿಂತಲ್ಲೇ ಮೊಣಕಾಲುದ್ದ ನೆಲಕ್ಕಿಳಿಯುತ್ತಿದ್ದರು. ಯಾವ ಬೀದಿಯಾದರೂ ಸರಿ, ನಡೀರಪ್ಪಾ ಎಂದು ಅವರೇ ಬ್ಯಾಂಕಿನ ಕಡೆ ತಿರುಗಿದರು.

* * *

ಮೈಗೆ ತಕ್ಕ ಪಾದ. ಹಂಗಳದ ಹೊಲದಲ್ಲಿ ಅವನು ಕಾಲೂರಿದ ಗುಂಡಿಯಲ್ಲಿ ಎಮ್ಮೆಗಳು ಹೊರಳುತ್ತಿದ್ದವು. ಸುಳ್ಳಾದರೆ ಎಮ್ಮೆಗಳನ್ನೇ ಕೇಳಿ. ಯಾವ ಅಂಗಡಿಯಲ್ಲೂ ಅಳತೆ ಸಿಗದೆ ಲಾರಿ ಟೈರು ಕುಯ್ಸಿ ಮೆಟ್ಟು ಮಾಡಿಸಿಕೊಂಡಿದ್ದ.

ಒಂದು ಭಾನುವಾರ ಮಧ್ಯಾಹ್ನ, ಗುಂಡ್ಲುಪೇಟೆಗೆ ಗುಂಡ್ಲುಪೇಟೆಯೇ ಉಂಡು ಮಲಗಿದ್ದಾಗ, ಜಾಕಿ ಕೊಟ್ಟು ಬ್ಯಾಂಕಿನ ಷಟರ್ ಎತ್ತಿದ. ಬಗ್ಗಿ ನೋಡಿದರೆ ಎದುರಿಗೇ ಲಕ್ಷ್ಮಿ ಪಟ, ಮುಂದೆ ಕೆಂಪು ಬಲ್ಬು. ದೇವರಿದ್ದ ಕಡೆ ಮೆಟ್ಟು ಹಾಕಿಕೊಂಡು ಹೋಗುವುದುಂಟೇ? ಹೊಸ್ತಿಲಾಚೆ ಜೋಡಿಸಿಟ್ಟು, ಕೈಮುಗಿದು, ಒಳಗೆ ಹೋದ. ಚೀಲ ತುಂಬುವಾಗ ಬೀದಿಯಲ್ಲಿ ಯಾರೋ ಕೆಮ್ಮಿದರು. ಮೂಗಯ್ಯ ಹಿಂದಿನ ಕಿಟಕಿ ಕಿತ್ತು ಹಾರಿದ. ಮೆಟ್ಟು ಬಾಗಿಲಲ್ಲೇ ಉಳಿದವು.

ಪೊಲೀಸರು ನಾಯಿ ಕರೆಸಲೇ ಇಲ್ಲ. ಸಂಜೆ ಕಾಫಿಗೆ ಮೂಗಯ್ಯ ಠಾಣೆಯಲ್ಲಿದ್ದ. ಚಾಮರಾಜನಗರದ ಕೋರ್ಟಿಗೆ ಆ ಮೆಟ್ಟು ನೋಡಲು ಹೊರಟ ಜನಕ್ಕೆ ತೆರಕಣಾಂಬಿಯಲ್ಲಿ ಬಸ್ಸಿನ ಟಾಪೂ ಸಾಲಲಿಲ್ಲ. ಯಾಕೆ ಬಿಟ್ಟು ಹೋದೆ ಎಂದು ಜಡ್ಜು ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: "ಒಳ್ಗೆ ಲಕ್ಷ್ಮವ್ವ ಇದ್ಲು ಸಾಮಿ."

ಜೈಲಿನಿಂದ ಬಂದ ಮೇಲೆ ಮೆಟ್ಟು ಮೆಟ್ಟಲಿಲ್ಲ. ಚೆಂಡುಹೂ ಬೆಳೆದ. ಆ ಹಳದಿಗೆ ಕೇರಳದ ಲಾರಿ ಡ್ರೈವರುಗಳು ಕಣ್ಣು ಕುಕ್ಕಿ ಕಪ್ಪು ಕನ್ನಡಕ ಕೊಂಡರು. ದಿನಾ ಬೆಳಿಗ್ಗೆ ಲಕ್ಷ್ಮಿ ಪಟಕ್ಕೆ ಒಂದು ಮಾರು ಹೂ ತಂದು, ಬ್ಯಾಂಕಿನ ಹೊಸ್ತಿಲಾಚೆ ನಿಂತು ಕೊಡುತ್ತಿದ್ದ. ಒಳಗೆ ಬಂದು ನೀವೇ ಹಾಕಿ ಎಂದು ಮ್ಯಾನೇಜರ್ ಮೇಘನಾ ಎಷ್ಟು ಸಲ ಕರೆದರೂ ಅದೇ ಉತ್ತರ: "ಒಂದ್ಸಲ ಬಂದಿದ್ದು ಸಾಕು ಕಣ್ತಾಯಿ."

* * *

ಬೀದಿಯ ಷಟರುಗಳು ಒಂದೊಂದಾಗಿ ಅರ್ಧಕ್ಕಿಳಿದವು. ಬಳೆ ಅಂಗಡಿ, ಗೊಬ್ಬರದಂಗಡಿ, ಬೇಕರಿ. ಬ್ಯಾಂಕಿನದು ಮಾತ್ರ ಮೇಲೇ ಇತ್ತು. ಒಳಗೆ ಒಂದು ಕುರ್ಚಿಯಲ್ಲೂ ಜನವಿಲ್ಲ.

"ಯೋಳ್ಲಿಲ್ವಾ?" ಎಂದ ಸಿದ್ದಯ್ಯ, ಮೆಲ್ಲಗೆ. ಮಂಗಮ್ಮ ಸೆರಗು ಬಾಯಿಗಿಟ್ಟುಕೊಂಡಳು, ಆದರೆ ಕದಲಲಿಲ್ಲ.

ಆಗ ಕರಕರ ಸದ್ದಾಯಿತು. ಷಟರ್ ಸೊಂಟದೆತ್ತರಕ್ಕೆ ಇಳಿದು ನಿಂತಿತು. ಅದರಡಿಯಿಂದ ಮೇಘನಾ, ಕೈಯಲ್ಲಿ ಚೆಂಡುಹೂವಿನ ಹಾರ ಹಿಡಿದು, ಬಗ್ಗಿ ಈಚೆಗೆ ಬಂದಳು. ಅವಳ ಹಿಂದೆ ಕ್ಯಾಷಿಯರ್, ಗುಮಾಸ್ತರು, ಕೊನೆಗೆ ಬಂದೂಕಿನ ಗಾರ್ಡೂ ಬಗ್ಗಿ ಬಗ್ಗಿ ಬಂದರು. ಎಲ್ಲರದೂ ಬರಿಗಾಲು.

ಷಟರಿನಡಿ, ಹೊಸ್ತಿಲಿನ ಒಳಗಡೆ, ಅವರ ಬೂಟು ಚಪ್ಪಲಿಗಳು ಬೀದಿಯ ಕಡೆ ಮೂತಿಮಾಡಿ ಸಾಲಾಗಿ ಕೂತಿದ್ದವು.