ಅಕೀಮ್ ಜುರ್ಕನ ನಲವತ್ತೊಂದನೇ ನಂಬರ್ ಬೂಟು

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಗೋಲಿನಿಂದಲೋ, ಹೆಣದಿಂದಲೋ?

ಗೋಲಿನಿಂದ ಶುರು ಮಾಡಿದರೆ ನೀವು ಕೊನೆಯವರೆಗೂ ಓದುತ್ತೀರಿ. ಹೆಣದಿಂದ ಶುರು ಮಾಡಿದರೆ ನಾನು ಕೊನೆಯವರೆಗೂ ಬರೆಯಬೇಕಾಗುತ್ತದೆ. (ನನ್ನ ಹೆಸರು ಸೆವೇರ್. ಮೂವತ್ತು ವರ್ಷ ನಮ್ಮೂರಿನ ಪತ್ರಿಕೆಗೆ ಆಟದ ವರದಿ ಬರೆದವನು. ಸ್ಕೋರ್ ಇಲ್ಲದೆ ನನಗೆ ಪ್ಯಾರಾ ನಿಲ್ಲುವುದಿಲ್ಲ.) ಗೋಲೇ ಆಗಲಿ.

೧

ಅಕೀಮ್ ಜುರ್ಕ ಮೊದಲ ಸಲ ಚೆಂಡು ಒದ್ದದ್ದು ಮಹಾಯುದ್ಧ ಮುಗಿದ ಮರುವರ್ಷ, ತಿಮಿಶ್ ನದಿಯ ದಂಡೆಯಲ್ಲಿ ದನ ಮೇಯುವ ಬಯಲಿನಲ್ಲಿ. ನಮ್ಮ ಬನಾತ್ ಸೀಮೆ ರುಮೇನಿಯಾಕ್ಕೆ ಸೇರಿದ ಕಾಲ. ದೇಶವೂ ಹೊಸದು, ಆಟವೂ ಹೊಸದು. ಹದಿನೇಳಕ್ಕೆ ನೇಯ್ಗೆ ಗಿರಣಿಯ ತಂಡದ ಸ್ಟ್ರೈಕರ್. ಇಪ್ಪತ್ತೊಂದಕ್ಕೆ ದೇಶದ ಅಂಗಿ ತೊಟ್ಟ. ನಾಲ್ಕು ಪಂದ್ಯ, ಮೂರು ಗೋಲು. ಬೆಲ್‌ಗ್ರೇಡಿನ ಕೆಸರಿನಲ್ಲಿ ಹೊಡೆದ ಆ ಮೂರನೆಯದು...

"ನಿಲ್ಸೋ," ಅಂದ ಅಕೀಮ್. (ಹೌದು, ಸತ್ತವನೇ. ನನ್ನ ಕಥೆಯಲ್ಲಿ ಸತ್ತವರ ಬಾಯಿ ಮುಚ್ಚಿಸುವ ಶಕ್ತಿ ನನಗಿಲ್ಲ.) "ಆ ಮೂರನೇದು ನಂದಲ್ಲ ಕಣೋ. ಅವರ ಡಿಫೆಂಡರ್ ಬೆನ್ನಿಗೆ ಬಡಿದು ಒಳಗೆ ಹೋಯ್ತು. ನಿನಗೆ ಹತ್ತು ಸಲ ಹೇಳಿದೀನಿ."

"ಅವತ್ತಿನ ಪೇಪರಲ್ಲಿ ನಿಮ್ಮ ಹೆಸರೇ ಇದೆಯಲ್ಲಣ್ಣಾ."

"ಪೇಪರಲ್ಲಿ ಬಂದಿದ್ದೆಲ್ಲ ನಡೆದದ್ದೇ ಏನು? ನೀನು ಕೇಳೋ ಮಾತಾ ಇದು?"

ಡ್ರಾಫ್ಟ್ ಹರಿದೆ.

೧, ಎರಡನೇ ಸಲ

ಬೂಟಿನಿಂದ ಶುರು ಮಾಡುತ್ತೇನೆ. ಕಣಕಾಲು ಮುಚ್ಚುವ ಕಂದು ಬೂಟು, ನಲವತ್ತೊಂದನೇ ನಂಬರು, ಅಟ್ಟೆಗೆ ಚರ್ಮದ ಪಟ್ಟಿ ಇಟ್ಟು ಮೊಳೆ ಹೊಡೆದದ್ದು. ಅಕೀಮ್ ಹದಿನಾಲ್ಕು ವರ್ಷ ಅದನ್ನೇ ತೊಟ್ಟು ಆಡಿದ. ಆಮೇಲೆ ಕೋಚ್ ಆಗಿದ್ದ ಇಪ್ಪತ್ತು ವರ್ಷವೂ ಪ್ರತಿ ಶನಿವಾರ ಅದಕ್ಕೆ ಹಂದಿ ಕೊಬ್ಬು ಸವರುತ್ತಿದ್ದ. ಆಟಗಾರರು ಸಾಲಾಗಿ ನಿಂತು ತಮ್ಮ ತಮ್ಮ ಬೂಟು ತೋರಿಸಬೇಕು. ಚರ್ಮ ಒಣಗಿಸಿಕೊಂಡು ಬಂದವನು ಭಾನುವಾರ ಬೆಂಚಿಗೆ. ಮೈದಾನದ ನಡುವೆ ತನ್ನ ಟೋಪಿ ಇಟ್ಟು, ನಲವತ್ತು ಹೆಜ್ಜೆ ದೂರದಿಂದ ಚೆಂಡನ್ನು ಅದರ ಮೇಲೆ ಇಳಿಸಿ ಎನ್ನುತ್ತಿದ್ದ. ಅದು ಅವನ ಪಾಠ. ಭಾಷಣ ಮಾಡಿದ್ದನ್ನು ಯಾರೂ ಕೇಳಿಲ್ಲ.

ಸಾಯುವ ಮುಂಚೆ ಹೆಂಡತಿ ಪೆರ್ಸಿದಾಗೆ ಹೇಳಿದ್ದು ಒಂದೇ: "ಆ ಬೂಟು ನಿಸ್ತೋರನಿಗೆ ಕೊಡು."

ನಮ್ಮಲ್ಲಿ ಸತ್ತವನ ಉಡುಪನ್ನೂ ಪಾದರಕ್ಷೆಯನ್ನೂ ನಲವತ್ತನೇ ದಿನ ಬದುಕಿರುವವನೊಬ್ಬನಿಗೆ ದಾನ ಕೊಡುತ್ತಾರೆ. ಇಲ್ಲಿ ಬದುಕಿರುವವನ ಕಾಲಿಗೆ ಏರಿದರೆ ಅಲ್ಲಿ ಸತ್ತವನ ಕಾಲಿಗೆ ಏರುತ್ತದೆ. ತೆಗೆದುಕೊಳ್ಳುವವನು ಥ್ಯಾಂಕ್ಸ್ ಅನ್ನುವಂತಿಲ್ಲ. 'ದೇವರು ಅವನನ್ನು ಕ್ಷಮಿಸಲಿ' ಅನ್ನಬೇಕು. ಅನ್ನದೆ ಹೋದರೆ ದಾನ ತಲುಪುವುದಿಲ್ಲ; ಅಕೀಮ್ ಜುರ್ಕ ಅಲ್ಲಿ ಬರಿಗಾಲಿನಲ್ಲೇ ಇರಬೇಕು.

ಬೇರೆ ಯಾರೇ ಆಗಿದ್ದರೂ ಆ ಮಾತು ಅಭ್ಯಾಸಬಲದಿಂದ ಬಂದುಬಿಡುತ್ತಿತ್ತು. ಅಕೀಮನ ತಂಡದ ಹಳೇ ಆಟಗಾರ ನಿಸ್ತೋರ್ ಬುಗಾರಿಯುವಿನ ಬಾಯಿಂದ ಬರುವುದು ಕಷ್ಟ. ಇಪ್ಪತ್ತಮೂರು ವರ್ಷದಿಂದ ಅವನು ಅಕೀಮ್ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ.

"ನೀನೇ ಹೋಗಿ ಕರ್ಕೊಂಡ್ ಬಾ," ಅಂದರು ಪೆರ್ಸಿದಕ್ಕ, ತಿಥಿಯ ಗೋಧಿ ಬೇಯಿಸುತ್ತ. "ಕಥೆಗಿಥೆ ಆಮೇಲೆ ಬರ್ಕೊ."

"ನಾನೇ ಯಾಕಕ್ಕಾ?"

ಅವರು ಸೌಟು ತಿರುಗಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

೨

(ಇಲ್ಲಿ ಕೋಚ್ ಜುರ್ಕನ ಸಾಧನೆಗಳ ಒಂದಿಡೀ ಪುಟವಿತ್ತು. ಗೆದ್ದದ್ದು, ಸೋತದ್ದು, ಹಾರ ಹಾಕಿದ್ದು. ಮುಂದಿನದನ್ನು ಬರೆಯಲು ಧೈರ್ಯ ಸಾಲದೆ ತುಂಬಿಸಿದ ಪುಟ ಅದು. ತೆಗೆದುಹಾಕಿದ್ದೇನೆ.)

೩

ಐವತ್ತೊಂದನೇ ಇಸವಿ, ಎಲೆ ಉದುರುವ ಕಾಲ. ಮೇಲಿನ ಡಿವಿಷನ್‌ಗೆ ಏರುವ ಪಂದ್ಯ. ನಿಸ್ತೋರನಿಗೆ ಆಗ ಇಪ್ಪತ್ತೆರಡು. ಹತ್ತಕ್ಕೆ ಎಂಟು ಸಲ ಟೋಪಿಯ ಮೇಲೆ ಚೆಂಡು ಇಳಿಸುತ್ತಿದ್ದವನು ಅವನೊಬ್ಬನೇ. ಮಕ್ಕಳಿಲ್ಲದ ಅಕೀಮ್ ಅವನನ್ನು 'ಮಗನೇ' ಎಂದೇ ಕರೆಯುತ್ತಿದ್ದ. ಪಂದ್ಯಕ್ಕೆ ಎರಡು ವಾರವಿರುವಾಗ ನಿಸ್ತೋರನ ಅಣ್ಣ ಡ್ಯಾನ್ಯೂಬ್ ಈಜಿ ಗಡಿಯಾಚೆ ಓಡಿಹೋದ. ಶುಕ್ರವಾರ ರಹಸ್ಯ ಪೊಲೀಸರಿಬ್ಬರು ಬಂದು ಕೋಚ್ ಜೊತೆ ಐದು ನಿಮಿಷ ಮಾತಾಡಿ ಹೋದರು. ಭಾನುವಾರದ ಪಟ್ಟಿಯಲ್ಲಿ ನಿಸ್ತೋರನ ಹೆಸರಿರಲಿಲ್ಲ. ಯಾಕೆಂದು ಅಕೀಮ್ ಹೇಳಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ.

ಇಷ್ಟು ಬರೆದು ನಿಸ್ತೋರನ ಮನೆಗೆ ಹೋದೆ. ಅಂಗಳದಲ್ಲಿ ಪ್ಲಮ್ ಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ. ಓದಿ ಹೇಳಿದೆ.

"ಮುಗೀತಾ ಸೆವೇರಣ್ಣ?"

"ಮುಗೀತು."

"ಸೋಮವಾರದ ಪೇಪರ್ ಎಲ್ಲಿ ಹೋಯ್ತು?"

ಸೋಮವಾರದ ಪೇಪರು. ತಪ್ಪಿಸಿಕೊಳ್ಳಲು ಮೂರು ಡ್ರಾಫ್ಟ್ ಸುತ್ತಿದೆ, ಆಗಲಿಲ್ಲ. 'ಮಂಡಿಗೆ ಪೆಟ್ಟಾದ ಕಾರಣ ಬುಗಾರಿಯು ಆಡಲಿಲ್ಲ. ಮತ್ತೆ ಆಡುವುದೂ ಅನುಮಾನ.' ಬರೆದವನು ನಾನು. ಮಂಡಿ ಅಂತ ಬರಿ ಎಂದು ಹೇಳಿದವರು ಬೇರೆ ಇದ್ದರು, ನಿಜ. ಆದರೆ 'ಮತ್ತೆ ಆಡುವುದೂ ಅನುಮಾನ' ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ವಾಕ್ಯ ಚೆನ್ನಾಗಿ ಮುಗಿಯಲಿ ಎಂದು ನಾನೇ ಸೇರಿಸಿದೆ.

ಆ ಅರ್ಧ ವಾಕ್ಯದಿಂದ ಅವನ ಆಟ ಮುಗಿಯಿತು. ದೂರದ ಊರಿನ ತಂಡಗಳೂ ಕರೆಯಲಿಲ್ಲ; ಮುರಿದ ಮಂಡಿಯವನು ಯಾರಿಗೆ ಬೇಕು?

"ಮದುವೇಲಿ ಕುಣಿಯೋಕ್ ಎದ್ರೆ, 'ಕೂತ್ಕೊಳಪ್ಪ, ಮಂಡಿ ಜೋಪಾನ' ಅನ್ನೋರು," ಅಂದ ನಿಸ್ತೋರ್. "ಅತ್ತೆ ಮನೆಯವರು ವರ್ಷಾ ವರ್ಷ ಎಣ್ಣೆ ಕಳಿಸ್ತಾರೆ. ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ ಅಂತ ಹಚ್ಕೋತೀನಿ. ಈಗೀಗ ನಿಜಕ್ಕೂ ನೋಯುತ್ತೇನೋ ಅನ್ಸತ್ತೆ, ನೋಡಿ." ಅಂದು ನಕ್ಕ. ನನಗೆ ನಗು ಬರಲಿಲ್ಲ. ನಾಚಿಕೆಯಾಯಿತು.

"ಬರ್ತೀಯಾ ನಲವತ್ತಕ್ಕೆ?"

"ಅವರು ಒಂದ್ ಸಲ, ಒಂದೇ ಒಂದ್ ಸಲ ಬಂದು 'ಹೆದರಿಬಿಟ್ಟೆ ಮಗನೇ' ಅಂದಿದ್ರೆ ಸಾಕಿತ್ತು ಸೆವೇರಣ್ಣ," ಅಂದ. ಮತ್ತೆ ಹಣ್ಣಿನ ಬುಟ್ಟಿಗೆ ಕೈ ಹಾಕಿದ.

೪

ಮುಕ್ತಾಯಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ಚಟ ನನಗೆ.

ಮುಕ್ತಾಯ ಒಂದು: ನಿಸ್ತೋರ್ ಬರುತ್ತಾನೆ, ಗಟ್ಟಿಯಾಗಿ ಆ ಮಾತು ಹೇಳುತ್ತಾನೆ, ಎಲ್ಲರೂ ಅಳುತ್ತಾರೆ. "ಥೂ, ಸಿನಿಮಾ," ಅಂದರು ಪೆರ್ಸಿದಕ್ಕ.

ಎರಡು: ಬೂಟು ಕಿತ್ತುಕೊಂಡು ತಿಮಿಶ್ ನದಿಗೆ ಎಸೆಯುತ್ತಾನೆ. "ನಾನ್ಯಾಕ್ ಎಸೀಲಿ?" ಅಂದ ನಿಸ್ತೋರ್. "ಒಳ್ಳೇ ಚರ್ಮ."

ಮೂರು: ಅವನು ಬರುವುದೇ ಇಲ್ಲ, ಬೂಟನ್ನು ನಾನು ತೆಗೆದುಕೊಳ್ಳುತ್ತೇನೆ. ನನ್ನ ಕಾಲು ನಲವತ್ತಮೂರನೇ ನಂಬರು. "ಬೇಡ ಮಾರಾಯ," ಅಂದ ಅಕೀಮ್. "ಅಲ್ಲಿ ನಾನು ಕುಂಟೋದು ಯಾಕೆ? ಬರಿಗಾಲೇ ವಾಸಿ." ಆಮೇಲೆ, "ಟೋಪಿ ವಿಷಯ ಬರಿ," ಅಂದ.

ಟೋಪಿ ವಿಷಯ ಪೆರ್ಸಿದಕ್ಕನೇ ಹೇಳಿದ್ದರು. ಆ ಭಾನುವಾರದ ನಂತರ ಕೋಚ್ ಜುರ್ಕ ಇನ್ನೂ ಹದಿನೈದು ವರ್ಷ ತಂಡ ನಡೆಸಿದ. ಟೋಪಿಯನ್ನು ಮಾತ್ರ ಮತ್ತೆ ನೆಲಕ್ಕೆ ಇಡಲಿಲ್ಲ. ಬಿಸಿಲಿರಲಿ, ಹಿಮವಿರಲಿ, ತಲೆಯ ಮೇಲೇ ಇತ್ತು.

ಅದನ್ನು ನಾನು ನಿಸ್ತೋರನಿಗೆ ಹೋಗಿ ಹೇಳಿದೆ. ಅವನು ಹಣ್ಣಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದ.

೫

ನಲವತ್ತನೇ ದಿನ, ಮಧ್ಯಾಹ್ನ, ನಿಸ್ತೋರ್ ಬಂದ.

ಪೆರ್ಸಿದಕ್ಕ ಹೊಸಿಲಿನ ಒಳಗೆ, ಅವನು ಹೊರಗೆ. ಬೂಟಿಗೆ ಹೊಸ ಟವೆಲ್ ಸುತ್ತಿತ್ತು, ಮೇಲೆ ಜಡೆಯಂತೆ ಹೆಣೆದ ರೊಟ್ಟಿ, ರೊಟ್ಟಿಯಲ್ಲಿ ಉರಿಯುವ ಮೇಣದ ಬತ್ತಿ. ಅವನು ರೊಟ್ಟಿಯನ್ನು ಅವರ ಕೈಗೇ ಬಿಟ್ಟು, ಬೂಟು ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತ. ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಮೆತ್ತಗಿತ್ತು, ಸಾಯುವ ವಾರದವರೆಗೂ ಅಕೀಮ್ ಕೊಬ್ಬು ಸವರಿದ್ದ. ತೊಟ್ಟು, ಲಾಡಿ ಬಿಗಿದು, ಎದ್ದು ನಿಂತ. ಸರಿಯಾಗಿ ಹೊಂದಿತು.

ನನ್ನ ಕಡೆ ತಿರುಗಿದ. "ಇದನ್ನೂ ಬರೀತೀರಾ?"

"ಬರೀತೀನಿ."

"ಸೋಮವಾರದ್ದು?"

"ಬರೆದಾಯ್ತು." (ನೀವು ಓದಿದ್ದೀರಿ. ಈಗಲ್ಲದಿದ್ದರೂ ಎಂದಾದರೂ ಅಚ್ಚಾಗಲಿ. ಸಾಕ್ಷಿಗೆ ನೀವಿದ್ದೀರಿ.)

ಅವನು ಪೆರ್ಸಿದಕ್ಕನ ಕಡೆ ತಿರುಗಿದ. ಮೇಣ ಅವರ ಬೆರಳಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವರು ಕೈ ಕದಲಿಸಲಿಲ್ಲ. ಅವನ ತುಟಿ ಅಲುಗಿತು. ನಾನು ಒಂದು ಮಾರು ದೂರದಲ್ಲಿದ್ದೆ. ಕೇಳಿಸಿತು.

ಏನೆಂದ, ಹೇಳು ಎನ್ನುತ್ತೀರಿ. ಪೆರ್ಸಿದಕ್ಕನ ಮುಖವನ್ನಾದರೂ ಬರೆ, ಊಹಿಸಿಕೊಳ್ಳುತ್ತೇವೆ ಎನ್ನುತ್ತೀರಿ. ಇಲ್ಲ, ಬರೆಯುವುದಿಲ್ಲ. ವಾಕ್ಯ ಚೆನ್ನಾಗಿ ಮುಗಿಯಲಿ ಎಂದು ಇವನ ಬಗ್ಗೆ ಒಮ್ಮೆ ಬರೆದಿದ್ದೇನೆ. ಅವನ ಮಾತು ಅವನದೇ ಆಗಿ ಉಳಿಯಲಿ. ಅಕೀಮನಿಗೆ ಬೂಟು ಸಿಕ್ಕಿತೋ ಇಲ್ಲವೋ ಅಕೀಮನಿಗೆ ಗೊತ್ತು. (ಅಂದಿನಿಂದ ಅವನು ನನ್ನ ಕಥೆಯೊಳಗೆ ಬಂದು ಮಾತಾಡಿಲ್ಲ. ಕರೆದು ನೋಡಿದೆ.)

ನಿಸ್ತೋರ್ ಬೂಟು ತೊಟ್ಟುಕೊಂಡೇ ಗೇಟು ದಾಟಿದ. ಕಲ್ಲುಹಾಸಿನ ಮೇಲೆ ಮೊಳೆಗಳ ಸದ್ದು ಚರ್ಚಿನ ತಿರುವಿನವರೆಗೂ ಕೇಳಿಸುತ್ತಿತ್ತು, ಎರಡೂ ಕಾಲಿನದು ಒಂದೇ ಸಮನಾಗಿ. ನನ್ನ ಕೈಯಲ್ಲಿ ಬರೆಯಲು ಉಳಿದಿರುವುದು ಇಷ್ಟೇ, ಇಪ್ಪತ್ತಮೂರು ವರ್ಷ ತಡವಾಗಿ: ಬುಗಾರಿಯುವಿನ ಮಂಡಿಗೆ ಏನೂ ಆಗಿರಲಿಲ್ಲ.