ಮೂವತ್ತನಾಲ್ಕು ಜನರ ಮಣ್ಣು

ಹರದನಹಳ್ಳಿಯ ದೊಡ್ಡಮಲ್ಲಮ್ಮ ಬೆಳಗಿನ ಜಾವ ತೀರಿಕೊಂಡಳು. ಎಂಟು ಗಂಟೆಗೆಲ್ಲ ಜಗಲಿಯ ಮೇಲೆ ಹೆಣ ಕೂರಿಸಿ ಹಾರ ಹಾಕಿದ್ದರು. ಗುಂಡ್ಲುಪೇಟೆಯಿಂದ ಮಗ ಮಾದೇಶ ಬಂದಿದ್ದ. ಮಗಳು ಭವ್ಯ ಮಾತ್ರ ಬೀದಿಯ ತಿರುವನ್ನೇ ನೋಡುತ್ತಾ ಕುಳಿತಿದ್ದಳು. ಅವ್ವನ ಮಣ್ಣಿಗೆ ಊರಿನ ಹೆಂಗಸರು ಬರುತ್ತಾರೋ ಇಲ್ಲವೋ ಎಂಬುದೊಂದೇ ಅವಳ ಚಿಂತೆ.

ಆ ಸೀಮೆಯಲ್ಲಿ ಸಾವಿಗೆ ಹೋಗುವುದಕ್ಕೆ ಮಣ್ಣಿಗೆ ಹೋಗುವುದು ಎನ್ನುತ್ತಾರೆ. ಗುಂಡಿಯ ಸುತ್ತ ನಿಂತು ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಬೇಕು. ಮದುವೆಗೆ ಹೋಗದಿದ್ದರೆ ನಾಲ್ಕು ದಿನದ ಮುನಿಸು, ಅಷ್ಟೇ. ಮಣ್ಣಿಗೆ ಹೋಗದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಆ ಮಾತು ಉಳಿಯುತ್ತದೆ. ದೊಡ್ಡಮಲ್ಲಮ್ಮ ಅರಿಶಿನದ ಹೊಲಗಳಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದವಳು. ಕೂಲಿ ತಪ್ಪಿಸಿಕೊಂಡಾಳು, ಯಾರ ಮಣ್ಣನ್ನೂ ತಪ್ಪಿಸಿಕೊಂಡವಳಲ್ಲ.

ಆ ಮಗಳೇ ಈಗ ಬದನಗುಪ್ಪೆಯಲ್ಲಿ ಕೊರಿಯಾದವರು ನಡೆಸುವ ಜಾಕೆಟ್ ಫ್ಯಾಕ್ಟರಿಯ ಎಚ್.ಆರ್. ಮೇಡಮ್ಮು. ಹರದನಹಳ್ಳಿಯ ಮೂವತ್ತೆಂಟು ಹೆಂಗಸರು ಅಲ್ಲಿ ಬಟ್ಟೆ ಹೊಲಿಯುತ್ತಾರೆ. ಎರಡು ವರ್ಷದ ಹಿಂದೆ ಊರಿನ ಬೆಟ್ಟಯ್ಯ ಸತ್ತಾಗ ಆಗಿದ್ದವರೆಲ್ಲ ಒಟ್ಟಿಗೆ ಎದ್ದು ಹೋಗಿಬಿಟ್ಟಿದ್ದರು. ಹೊಲಿಗೆ ಮಿಷನ್ನುಗಳ ಮೂರು ಲೈನ್ ನಿಂತಿತು, ಹಡಗು ತಪ್ಪಿತು, ಮಾಲನ್ನು ವಿಮಾನಕ್ಕೆ ಹಾಕಿ ಕಂಪನಿ ಕೈ ಸುಟ್ಟುಕೊಂಡಿತು. ಇನ್ನೊಮ್ಮೆ ಹೀಗಾದರೆ ಆರ್ಡರು ವಿಯೆಟ್ನಾಮಿಗೆ ಹೋಗುತ್ತದೆ ಎಂದು ಹೆಡ್ಡಾಫೀಸಿನಿಂದ ಪತ್ರ ಬಂತು.

ಮ್ಯಾನೇಜರ್ ಹಾನ್ ತಲೆ ಮೇಲೆ ಕೈಹೊತ್ತು ಕುಳಿತ. ಸತ್ತವನು ಇವರಿಗೆಲ್ಲ ಏನಾಗಬೇಕು ಎಂದು ಕೇಳಿದ. ಏನೂ ಆಗಬೇಕಿಲ್ಲ, ಒಂದೇ ಊರು ಎಂದರೆ ಅವನ ತಲೆಗೆ ಹೋಗಲಿಲ್ಲ. ತನ್ನಪ್ಪ ಸತ್ತ ದಿನ ತಾನು ಢಾಕಾದಲ್ಲಿ ಕಂಟೇನರ್ ತುಂಬಿಸುತ್ತಿದ್ದೆ ಎಂದ. ಜಂಬಕ್ಕೇನೂ ಹೇಳಲಿಲ್ಲ ಪಾಪ, ನೆಲ ನೋಡಿಕೊಂಡು ಹೇಳಿದ.

ದಾರಿ ಹುಡುಕಿಕೊಟ್ಟವಳು ಭವ್ಯ. ಊರಿನಲ್ಲಿ ಯಾರೇ ಸತ್ತರೂ ನಾಲ್ಕು ಗೇಟ್ ಪಾಸ್, ಮೂರು ಗಂಟೆ ಹೊತ್ತು. ಮನೆಯವರಿಗೆ ಮಾತ್ರ ರಜೆ. ಪಾಸಿಲ್ಲದೆ ಹೋದವರು ಮತ್ತೆ ಗೇಟಿನೊಳಗೆ ಬರುವ ಹಾಗಿಲ್ಲ. ಭಲೇ ಬುದ್ಧಿವಂತೆ! ಹೆಡ್ಡಾಫೀಸಿನವರು ಹಾಡಿ ಹೊಗಳಿ ಪ್ರಮೋಷನ್ ಕೊಟ್ಟರು. ಅವ್ವ ಮಾತ್ರ ಮುದ್ದೆ ಕಟ್ಟುತ್ತಿದ್ದ ಕೈ ನಿಲ್ಲಿಸಿ ಕೇಳಿದ್ದಳು: "ಸತ್ತೋರ್ಗೂ ಗಡಿಯಾರ ಕಟ್ಬುಟ್ಟಲ್ಲಮ್ಮಿ?" ಫ್ಯಾಕ್ಟರಿ ಎದ್ದು ಹೋದರೆ ಇಷ್ಟೊಂದು ಮನೆಯ ಒಲೆ ಆರುತ್ತದೆ ಎಂದು ಭವ್ಯ ವಾದ ಮಾಡಿದ್ದಳು. ಅದೇನೂ ಸುಳ್ಳಾಗಿರಲಿಲ್ಲ.

ಈಗ ಆ ನಿಯಮ ಅವಳ ಮನೆ ಬಾಗಿಲಿಗೇ ಬಂದಿತ್ತು. ಬೆಳಿಗ್ಗೆ ಹಾನ್‌ಗೆ ಫೋನ್ ಮಾಡಿ, ಇವತ್ತೊಂದು ದಿನ ಎಲ್ಲರನ್ನೂ ಬಿಡಿ ಎಂದು ಅಂಗಲಾಚಿದ್ದಳು. ಸಂಜೆ ಕಂಟೇನರ್ ಹೊರಡಬೇಕಿತ್ತು. ಅವನು, ನಿಮ್ಮೂರಿನ ಚಿಕ್ಕಬಸವಯ್ಯ ಸತ್ತಾಗ ಪಾಸ್ ಸಿಗದೆ ಅತ್ತವರಿಗೆ ಏನು ಹೇಳಲಿ ಎಂದು ಮೆಲ್ಲಗೆ ಕೇಳಿದ. ಭವ್ಯ ಫೋನ್ ಇಟ್ಟಳು. ಅವತ್ತು ಅವರಿಗೆ ಇಲ್ಲ ಎಂದವಳು ಅವಳೇ.

ಹನ್ನೊಂದೂವರೆಗೆ ಆಟೋ ಬಂತು. ಇಳಿದವರು ನಾಲ್ಕೇ ಜನ, ಕೊರಳಲ್ಲಿ ಪಾಸು ನೇತಾಡುತ್ತಿತ್ತು. ಮುಂದಿದ್ದವಳು ವಯಸ್ಸಾದ ಸಣ್ಣತಾಯಮ್ಮ. ಭವ್ಯ ಅವಳ ಬೆನ್ನ ಹಿಂದೆ ನೋಡಿದಳು. ರಸ್ತೆ ಬರಿದಾಗಿತ್ತು. ನಾಚಿಕೆಯಿಂದ ಅವಳಿಗೆ ಅವ್ವನ ಮುಖ ನೋಡಲೂ ಆಗಲಿಲ್ಲ.

ಮೆರವಣಿಗೆಯಲ್ಲಿ ಒಯ್ದು ಗುಂಡಿಗೆ ಇಳಿಸಿದರು. ಮಾದೇಶ, ಭವ್ಯ, ನೆಂಟರು, ಊರ ಮುದುಕರು ಮಣ್ಣು ಹಾಕಿದರು. ಸಣ್ಣತಾಯಮ್ಮನೂ ಮೂರು ಹಿಡಿ ಹಾಕಿದಳು. ಆದರೆ ಹಿಂದೆ ಸರಿಯಲಿಲ್ಲ. ಮತ್ತೆ ಬಗ್ಗಿ, "ಇದು ಶಿವಲಕ್ಷ್ಮೀದು ಕಣಕ್ಕ" ಎಂದು ಹೆಣಕ್ಕೆ ಹೇಳಿ ಇನ್ನೂ ಮೂರು ಹಿಡಿ ಹಾಕಿದಳು. ಆಮೇಲೆ ಪುಟ್ಟಸಿದ್ದಮ್ಮನದು. ಉಳಿದ ಮೂವರೂ ಹಾಗೇ ಒಂದೊಂದು ಹೆಸರು ಹೇಳಿ ಬಗ್ಗಿದರು. ಬರಲಾಗದ ಮೂವತ್ತನಾಲ್ಕು ಜನ ತಮ್ಮ ತಮ್ಮ ಮಣ್ಣನ್ನು ಇವರಿಗೆ ಒಪ್ಪಿಸಿ ಕಳಿಸಿದ್ದರು. ಹಿಂದೆ ಇಂಥದ್ದೊಂದು ಪದ್ಧತಿ ಇರಲಿಲ್ಲ. ಪಾಸು ಬಂದ ಮೇಲೆ ಹೆಂಗಸರೇ ಮಾಡಿಕೊಂಡದ್ದು. ಈ ಎರಡು ವರ್ಷದಲ್ಲಿ ಒಬ್ಬರ ಮಣ್ಣಿಗೂ ಹೋಗದ ಭವ್ಯಳಿಗೆ ಅದು ಗೊತ್ತಾಗುವುದಾದರೂ ಹೇಗೆ?

ಆಟೋದವನು ಹಾರ್ನ್ ಹೊಡೆದ. ತಡವಾದರೆ ನಾಲ್ವರ ಕೆಲಸಕ್ಕೂ ಸಂಚಕಾರ. ಭವ್ಯಳೇ ಅವರನ್ನು ಹೊರಡಿ ಎಂದಳು.

"ಇನ್ನೂ ಮೂರ್ನೆ ಲೈನ್ ಹನ್ನೊಂದ್ ಜನ್ರುದ್ದು ಅದ ಕಣವ್ವ," ಎಂದಳು ಸಣ್ಣತಾಯಮ್ಮ. "ಆಕ್ತೀವಿ ಅಂತ ಒಪ್ಕೊಂಡು ಬಂದ್ಬುಟ್ಟಿವಿ."

"ನಾನ್ ಆಕ್ತೀನಿ. ನೀವ್ ಓಗಿ."

ಭವ್ಯ ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು. ಒಂದೊಂದೇ ಹೆಸರು ಹೇಳುತ್ತಾ ಹತ್ತು ಜನರದ್ದು ಹಾಕಿದಳು. ಹನ್ನೊಂದನೆಯವಳಿಗೆ ಕೈ ನಿಂತಿತು. ಹೋದ ವರ್ಷ ಊರಿಗೆ ಸೊಸೆಯಾಗಿ ಬಂದ ಹುಡುಗಿ. ಕೊನೆಯ ಮಿಷನ್ನಿನವಳು, ಹಾಜರಿಯ ಟೋಕನ್ ನಂಬರು ಇನ್ನೂರ ಹದಿನೇಳು. ಮುಖವೂ ಕಣ್ಣಿಗೆ ಕಟ್ಟಿತು, ಚಿಕ್ಕಬಸವಯ್ಯನ ಮಣ್ಣಿಗೆ ಪಾಸು ಕೇಳಿ ಅತ್ತವರಲ್ಲಿ ಅವಳೂ ಒಬ್ಬಳು. ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಕಾಲುದಾರಿಯಲ್ಲಿ ನಡೆದುಹೋದ ನಾಲ್ವರು ಆಗಷ್ಟೇ ರಸ್ತೆ ಸೇರಿ ಆಟೋ ಹತ್ತಿದ್ದರು. ಮಣ್ಣು ಹಿಡಿದ ಕೈಯಲ್ಲೇ ಆಟೋದ ಹಿಂದೆ ಓಡಿದಳು.

"ಚಿಕ್ಕವ್ವ, ಕೊನೆ ಮಿಷನ್ನೋಳ ಹೆಸ್ರೇನು?"

"ಕರಿಯಮ್ಮ ಕಣಮ್ಮಿ," ಎಂದಳು ಸಣ್ಣತಾಯಮ್ಮ. "ನಿಮ್ಮವ್ವಂಗೆ ಗೊತ್ತಿತ್ತು."

ಭವ್ಯ ವಾಪಸು ಬಂದು, ಇದು ಕರಿಯಮ್ಮನದು ಎಂದು ಅವ್ವನಿಗೆ ಕೇಳುವ ಹಾಗೆ ಜೋರಾಗಿ ಹೇಳಿ ಮೂರು ಹಿಡಿ ಮಣ್ಣು ಹಾಕಿದಳು. ಆಮೇಲೆ ಅಲ್ಲೇ ಕುಸಿದು ಕೂತು, ಮಾದೇಶ ಎಷ್ಟು ಸಮಾಧಾನ ಮಾಡಿದರೂ ಏಳದೆ ಬಿಕ್ಕಿ ಬಿಕ್ಕಿ ಅತ್ತಳು.